ಕಪ್ಪಿನ ಮೇಲೆ ಕಿತ್ತಳೆ

ಸಾನಪಾಡಾದ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ದಿನಾ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಬರುತ್ತಿದ್ದರು, ಮೂಲ ಉಡುಪಿ ಕಡೆ. ನಾವೆಲ್ಲ ಕಂಪ್ಯೂಟರಿಗೆ ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ಅದು ಹೇಗೆ ತೆರೆದುಕೊಳ್ಳುತ್ತದೋ ಹಾಗೇ ಬಳಸುತ್ತಿದ್ದೆವು. ಅವರು ಮಾತ್ರ ಅದರ ಬಣ್ಣ, ಅಕ್ಷರಗಳನ್ನು ಮಗಳಿಗೆ ಗಂಡು ಹುಡುಕುವವರ ಹಾಗೆ ಆರಿಸುತ್ತಿದ್ದರು. ಹೊಸ ಬಣ್ಣ ಹಾಕಿ, ಕನ್ನಡಕ ತೆಗೆದು, ನೀರಿನ ಫಿಲ್ಟರಿನವರೆಗೆ ಹಿಮ್ಮುಖವಾಗಿ ನಡೆದು ಅಲ್ಲಿಂದ ಓದುತ್ತಿದ್ದರು. ಹಸಿರು ಚುಚ್ಚಿತು, ನೀಲಿ ಮುಳುಗಿತು. ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಅವಳಿಗಳಂತೆ ಕಂಡ ಫಾಂಟನ್ನು ಅಂದೇ ಅಳಿಸಿದರು.

“ಕಣ್ಣು ಹುಡುಕ್ಲಿಕ್ಕೆ ಹೋಗ್ಬಾರ್ದು ಮಾರಾಯ, ಅಕ್ಷರವೇ ಬರ್ಬೇಕು” ಎನ್ನುತ್ತಿದ್ದರು.

ಕೊನೆಗೆ ಒಪ್ಪಿಗೆಯಾದದ್ದು ಕಪ್ಪಿನ ಮೇಲೆ ದಪ್ಪ ಕಿತ್ತಳೆ, ಥೇಟ್ ಸ್ಟೇಷನ್ನಿನಲ್ಲಿ ರೈಲಿನ ಹೆಸರು ತೋರಿಸುವ ಇಂಡಿಕೇಟರ್.

ಅದು ಸಾಹೇಬರ ಕಣ್ಣಿಗೆ ಬಿತ್ತು. ಎಲ್ಲರ ಪರದೆಯೂ ಇನ್ನು ಬಿಳಿಯೇ ಇರಬೇಕೆಂದು ಹೇಳಲು ಅವರು ಊಟದ ನಂತರ ಬಂದು ನಮ್ಮ ಬಾಗಿಲಲ್ಲಿ ನಿಂತರು. ಇವರು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ನಾನು ಮೊಣಕೈಯಿಂದ ತಿವಿದೆ. ಕಣ್ಣು ಬಿಟ್ಟವರು ಏನನ್ನೂ ಹುಡುಕಬೇಕಾಗಲಿಲ್ಲ. ಕಿತ್ತಳೆ ಅಕ್ಷರ ತಾನೇ ಎದುರು ಬಂತು. ಧಡಕ್ಕನೆ ಎದ್ದು, ಬ್ಯಾಗನ್ನು ಎದೆಗೆ ಏರಿಸಿಕೊಂಡು ಬಾಗಿಲಿಗೆ ನುಗ್ಗಿದರು. ಅಡ್ಡ ನಿಂತಿದ್ದ ಸಾಹೇಬರ ಭುಜ ತಟ್ಟಿ, ಲೋಕಲ್‌ನಲ್ಲಿ ಇಳಿಯುವ ಮುನ್ನ ಬಾಗಿಲಲ್ಲಿ ಮುಂದಿದ್ದವರನ್ನು ಕೇಳುವಂತೆ, “ಡೊಂಬಿವಲಿ ಉತರ್ನಾ ಹೈ ಕ್ಯಾ?” ಎಂದರು.

ಸಾಹೇಬರೂ ಇಪ್ಪತ್ತು ವರ್ಷದಿಂದ ಅದೇ ರೈಲು ಲೈನಿನಲ್ಲಿ, ಇನ್ನೂ ಆಚೆಯ ಸ್ಟೇಷನ್ನಿನಿಂದ ನಿಂತು ಬರುವವರು. ಹೊಟ್ಟೆ ಒಳಗೆಳೆದು, ಚೌಕಟ್ಟಿಗೆ ಒತ್ತಿ ನಿಂತು ದಾರಿ ಬಿಟ್ಟರು.

“ನಹೀ, ಬದಲಾಪುರ್. ಆಪ್ ನಿಕಲೋ.”