ಸವಳು ಮಣ್ಣಿನ ಕೆಳಗೆ ನಿಂತ ಕಾರು

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದಲು ಬರುತ್ತದೆ; ಬರೆಯಲು ಕುಳಿತರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಆದರೆ ಕಾರಿನ ಮೈತಗಡಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿ ತಗ್ಗು ಬಿದ್ದಿದೆ, ಎಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ ಎಂದು ಹೇಳುತ್ತೇನೆ. ಇದರಿಂದ ನನಗೆ ಏನೂ ಆಗಲಿಲ್ಲ. ಇದ್ದದ್ದನ್ನು ಹೇಳಿದೆ, ಅಷ್ಟೇ.

ಪುರ್ತಗೇರಿಯಿಂದ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಾಗ ಈ ಮನೆಯ ಕೊಟ್ಟಿಗೆಯಲ್ಲಿ ಗಾಲಿ ಇಲ್ಲದ ಒಂದು ಜೀಪು ಕಲ್ಲುಗಳ ಮೇಲೆ ಕುಳಿತಿತ್ತು. ಎತ್ತುಗಳು ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದವು. ಎತ್ತು ಹೊರಗೆ, ಜೀಪು ಒಳಗೆ. ಅಲ್ಲಿಗೇ ನನಗೆ ನನ್ನ ಗಂಡ ಎಂಥವರೆಂದು ಗೊತ್ತಾಗಬೇಕಿತ್ತು.

ಇವರು ಅರಳೆ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದರು. ಅದು ಹೊಟ್ಟೆಗೆ. ಮನೆಗೆ ಬಂದು ಹಳೆಯ ಗಾಡಿ ಬಿಚ್ಚಿ ಜೋಡಿಸುವುದು ಯಾತಕ್ಕೆ ಎಂದು ಕೇಳಿದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ಕೆಲವರು ಇಸ್ಪೀಟು ಆಡುತ್ತಾರೆ, ಕೆಲವರು ಪಾರಿವಾಳ ಸಾಕುತ್ತಾರೆ. ಇವರದು ಇದು. ಮದುವೆಯಾದ ವಾರದಲ್ಲೇ ಕೊಟ್ಟಿಗೆಯಿಂದ ಕೂಗಿದರು.

"ಏ, ಇದನ್ನ ಒಂಚೂರು ಹಿಡಿ ಬಾ ಇಲ್ಲಿ."

"ಹೊಸಾ ಸೀರಿ ಐತ್ರಿ. ಎಣ್ಣಿ ಹತ್ತತೈತಿ."

"ಹತ್ತಲಿ. ಎಣ್ಣಿ ಹತ್ತಿದ್ರ ನಿನಗ ತುಕ್ಕು ಹಿಡಿಯೂದಿಲ್ಲ."

ಹಿಡಿದೆ. ಆಮೇಲೆ ಬಿಡಲಿಲ್ಲ. ಮೊದಮೊದಲು ನಟ್ಟು ಬೋಲ್ಟುಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆಯುವುದು, ಪಾಲಿಶ್ ಪೇಪರ್ ಹಿಡಿದು ತುಕ್ಕು ಉಜ್ಜುವುದು. ಮುಂದೆ ನಟ್ಟು ತಿರುವುವ ಪಾನಾ ಹಿಡಿಯಲು ಕಲಿತೆ, ಬಣ್ಣ ಹೊಡೆಯಲು ಕಲಿತೆ. ಓಣಿಯ ಹೆಂಗಸರು ನಕ್ಕರು. ನಗಲಿ ಎಂದು ಬಿಟ್ಟೆ. ಎಳ್ಳಷ್ಟೂ ಮಾತು ಬಾರದ ಮನುಷ್ಯನ ಜೊತೆ ಸಂಸಾರ ಮಾಡುವುದಿತ್ತು. ಗಾಡಿಯ ಹತ್ತಿರ ಕುಳಿತರೆ ಮಾತ್ರ ಅವರಿಗೆ ಮಾತು ಬರುತ್ತಿತ್ತು. ಹಾಗಾಗಿ ನಾನೂ ಗಾಡಿಯ ಹತ್ತಿರವೇ ಕುಳಿತೆ.

ಆ ಜೀಪು ಎದ್ದು ನಿಂತಿತು. ನರೇಗಲ್‌ನವರೊಬ್ಬರು ಸಂತೆಗೆ ಸಾಮಾನು ಹೇರಲು ಒಯ್ದರು. ಅದರ ಹಿಂದೆ ಒಂದು ಸಣ್ಣ ಕಾರು ಬಂತು, ಲಕ್ಕಲಕಟ್ಟಿಯ ಮಾಸ್ತರರ ಮನೆಗೆ ಹೋಯಿತು. ಮತ್ತೊಂದು ವ್ಯಾನು. ಎಲ್ಲವೂ ಸತ್ತು ಬಂದವು, ಎದ್ದು ಹೋದವು. ಯಾವುದೂ ನಮ್ಮ ಕೊಟ್ಟಿಗೆಯಲ್ಲಿ ಎರಡು ಮಳೆಗಾಲಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಹೋಗುವಾಗ ಇವರು ಓಣಿಯ ತುದಿಯವರೆಗೂ ಹಿಂದೆ ನಡೆದು ಹೋಗಿ, ಬಂದು, ಉಣ್ಣದೆ ಮಲಗುತ್ತಿದ್ದರು.

ಕೊನೆಯದು ಅಂಬಾಸಿಡರ್. ನರಗುಂದದಲ್ಲಿ ಒಂದು ಹಳೆಯ ವಾಡೆಯ ಹಿತ್ತಲಲ್ಲಿ ಬಿದ್ದಿತ್ತು. ಅದರ ಬಂಪರಿನ ಸಂದಿಯಲ್ಲಿ ಬೇವಿನ ಸಸಿ ಎದ್ದು ಎದೆಮಟ್ಟ ಬೆಳೆದಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ಇವರು ಎಂದೂ ಹೇಳದ ಮಾತು ಹೇಳಿದರು.

"ಇದನ್ನ ಯಾರಿಗೂ ಕೊಡೂದಿಲ್ಲ. ಇದರಾಗ ನಾನೂ ನೀನೂ ಕುಂತು ರೋಣಕ್ಕ ಹೋಗಿ ಬರೂದು."

"ರೋಣದಾಗ ಏನ್ ಐತ್ರಿ?"

"ಏನೂ ಇಲ್ಲ. ದಾರಿ ಚಲೋ ಐತಿ."

ಇಪ್ಪತ್ತು ವರ್ಷದ ಮೇಲಾಯಿತು ಆ ಮಾತಿಗೆ. ಸಾಮಾನು ಸಿಗುತ್ತಿರಲಿಲ್ಲ, ಸಿಕ್ಕಾಗ ಹೊಲದ ಕೆಲಸ, ನಡುವೆ ಮಗನ ಮದುವೆ, ಇವರ ಕಣ್ಣಿನ ಆಪರೇಶನ್ನು. ಅವಸರ ಇರಲಿಲ್ಲ, ನಮ್ಮದೇ ಗಾಡಿ, ಎಲ್ಲಿಗೆ ಹೋಗುತ್ತದೆ? ಅದನ್ನು ಜೋಪಾನ ಮಾಡುವುದರಲ್ಲಿ ಮಾತ್ರ ಕಡಿಮೆ ಮಾಡಲಿಲ್ಲ.

ನಮ್ಮ ಮನೆಗೆ ಹೆಂಚಿಲ್ಲ. ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಹಳ್ಳದ ದಂಡೆಯ ಸವಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡಿ ತುಳಿಯುತ್ತೇವೆ. ಬೆಳೆ ಬಾರದ ಬಿಳಿಚು ಮಣ್ಣು ಅದು. ನೀರು ಬಿದ್ದರೆ ಅಂಟಿನಂತೆ ಕೂಡಿಕೊಂಡು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ನಮ್ಮ ಹಿರಿಯರೆಲ್ಲ ಅದರ ಕೆಳಗೇ ಬೆಚ್ಚಗೆ ಬಾಳಿದರು. ಕಾರಿಗೆ ಮಳೆ ತಾಗಬಾರದೆಂದು ಇವರು ಕೊಟ್ಟಿಗೆಯ ಮಾಳಿಗೆಗೆ ಎರಡು ಪಟ್ಟು ಮಣ್ಣು ಹಾಕಿಸುತ್ತಿದ್ದರು. "ನಾವು ಮಲಗೋ ಖೋಲಿ ಸೋರಿದ್ರ ಸೋರಲಿ" ಎನ್ನುತ್ತಿದ್ದರು. ಮೇಲಿಂದ ಮಣ್ಣು ಉದುರಿ ಬಣ್ಣಕ್ಕೆ ಗೀರು ಬೀಳಬಾರದೆಂದು ನಾನು ಹಳೆಯ ಸೀರೆಗಳನ್ನು ಕೂಡಿಸಿ ದಪ್ಪನೆಯ ಕೌದಿ ಹೊಲಿದು ಕಾರಿನ ಮೇಲೆ ಹೊದಿಸಿದೆ. ಮೊಮ್ಮಗಳು ಹುಟ್ಟಿದಾಗ ಅಷ್ಟು ದೊಡ್ಡ ಕೌದಿ ಹೊಲಿಯಲಿಲ್ಲ ಎಂದು ಸೊಸೆ ಈಗಲೂ ಆಡುತ್ತಾಳೆ.

ಹೋದ ವರ್ಷ ಇವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ದವಾಖಾನೆಯಲ್ಲಿ ಡಾಕ್ಟರರು ನನ್ನನ್ನು ಆಚೆ ಕರೆದು, ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲ ಎಂದರು. ಒಳಗೆ ಬಂದು ಇವರಿಗೆ ಅದನ್ನೇ ಹೇಳಿದೆ. ಮುಚ್ಚಿಟ್ಟು ಏನು ಮಾಡುವುದು? ಇವರು ತೊದಲಿದರು.

"ಹಂಗಾರ ಲಗೂ ಮುಗಸಬೇಕು. ಒಂದ ಸಲ ರೋಣ ನೋಡಿ ಬಂದ್ರ ಸಾಕು."

ಮನೆಗೆ ಬಂದ ಮೇಲೆ ಇವರು ಮಲಗುವ ಹೊರಸನ್ನು ಕೊಟ್ಟಿಗೆಯ ಬಾಗಿಲ ಎದುರು ಪಡಸಾಲೆಯಲ್ಲಿ ಹಾಕಿಸಿದೆವು. ಇವರು ಅಲ್ಲಿಂದ ಹೇಳುವುದು, ನಾನು ಒಳಗೆ ಮಾಡುವುದು. ತೊದಲು ಮಾತು ತಿಳಿಯದಿದ್ದರೆ ಎಡಗೈಯಿಂದ ಗಾಳಿಯಲ್ಲಿ ತಿರುವಿ ತೋರಿಸುತ್ತಿದ್ದರು. ನಾನು ತಪ್ಪು ಪಾನಾ ಹಚ್ಚಿದರೆ ಸಪ್ಪಳದ ಮೇಲೇ ಗುರುತು ಹಿಡಿದು ಬೈಯುತ್ತಿದ್ದರು.

"ಹನ್ನೊಂದರ ಪಾನಾ ಬ್ಯಾಡಲೇ, ಹತ್ತರದ್ದು! ಕಣ್ಣು ನಿನಗದಾವೋ ನನಗದಾವೋ?"

"ಕಣ್ಣು ನನಗದಾವು, ಬಾಯಿ ನಿಮಗೈತಿ. ಸುಮ್ನ ಬೀಳ್ರಿ."

ಸೊಸೆ ಒಲೆಯ ಮುಂದಿನಿಂದ ಕೂಗುತ್ತಿದ್ದಳು. "ಅತ್ತೀ, ರೊಟ್ಟಿ ಕೊಟ್ಟಿಗ್ಯಾಗ ತಂದು ಹಾಕ್ಲೇನ್ರಿ, ಎತ್ತಿನ ಗ್ವಾದಲಿ ಐತಲ್ಲ ಅಲ್ಲೇ?"

ಸುಗ್ಗಿ ಮುಗಿಯುವ ಹೊತ್ತಿಗೆ ಎಂಜಿನ್ನು ಶುರುವಾಯಿತು. ಮಗ ಚಾವಿ ತಿರುವಿದ, ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಹಿಡಿಯಿತು. ಇವರು ಹೊರಸಿನ ಮೇಲೆ ಅತ್ತರು. ನಾನು ಅಳಲಿಲ್ಲ, ಹೊಗೆ ಕುಡಿದು ಕೆಮ್ಮಿದೆ. ಎಡಗಡೆಯ ಮುಂದಿನ ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ, ಅದೊಂದೇ ಉಳಿದಿತ್ತು. ಬಾಗಿಲು ಹಿಡಿದ ಬಿಜಾಗರಿ ಸಡಿಲಾಗಿರಬೇಕು ಎಂದರು ಇವರು. ಬಿಗಿ ಮಾಡಲು ಹೋದರೆ ಬೋಲ್ಟು ಸುಮ್ಮನೆ ತಿರುಗಿತು, ಎಲ್ಲೂ ಕಚ್ಚಲಿಲ್ಲ. ರೋಣಕ್ಕೆ ಹೋಗುವಾಗ ಇವರು ಕೂರುವುದು ಆ ಬಾಗಿಲ ಕಡೆಗೆ. ಅದಕ್ಕೇ ರೋಣದಿಂದ ವೆಲ್ಡಿಂಗ್ ಮಾಡುವವನನ್ನು ಕರೆಸಿದೆವು. ಮೂರು ಗಾಲಿಯ ಟಂಟಂನಲ್ಲಿ ಮಶೀನು ಹೇರಿಕೊಂಡು ಬಂದ. ಮಗನಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು.

ಬಾಗಿಲು ತೆಗೆದು, ಅದನ್ನು ಹಿಡಿದ ಕಂಬವನ್ನು ಬೆರಳಿನಿಂದ ಬಡಿದು ನೋಡಿದ.

"ಆಯೀ, ಬಣ್ಣ ಯಾರ ಹಚ್ಯಾರ?"

"ನಾನ ಹಚ್ಚೀನಿ. ಯಾಕ?"

"ಬಣ್ಣ ಚಲೋ ಐತಿ. ಬಣ್ಣ ಒಂದ ಐತಿ."

ಸ್ಕ್ರೂಡ್ರೈವರ್ ತೆಗೆದು ಕಂಬಕ್ಕೆ ಒತ್ತಿದ. ಒಣಗಿದ ಸಗಣಿ ಕುಳ್ಳಿಗೆ ಚುಚ್ಚಿದ ಹಾಗೆ ಹಿಡಿಕೆಯವರೆಗೂ ಒಳಗೆ ಹೋಯಿತು. ಎಳೆದುಕೊಂಡಾಗ ಕೆಂಪು ಹುಡಿ ಉದುರಿತು. ಹಿಂದಿನ ಕಂಬಕ್ಕೆ ಚುಚ್ಚಿದ, ಬಾಗಿಲ ಕೆಳಗಿನ ಪಟ್ಟಿಗೆ ಚುಚ್ಚಿದ, ಆಚೆಯ ಮಗ್ಗಲಿಗೆ ಹೋಗಿ ಚುಚ್ಚಿದ. ಎಲ್ಲಾ ಕಡೆ ಅದೇ ಹುಡಿ.

"ನೀರಾಗ ನಿಂತಿತ್ತೇನು ಇದು?"

"ಹನಿ ನೀರ ಬಿದ್ದಿಲ್ಲ. ಮ್ಯಾಲ ನೋಡು, ಎರಡ ಪಟ್ಟ ಮಣ್ಣು ಹಾಕೇವಿ."

ಅವನು ಮೇಲೆ ನೋಡಿದ. ಕಾರಿನ ಛಾವಣಿಯ ಅಂಚಿನ ಕಾಲುವೆಯಲ್ಲಿ ಬೆರಳು ಆಡಿಸಿದ. "ತಳದಿಂದ ತಿಂದಿದ್ದಲ್ಲ ಆಯೀ. ಮ್ಯಾಲಿಂದ ಇಳದೈತಿ" ಎಂದ.

ಗೋದಲಿಯ ಮೇಲೆ ಮಡಿಸಿಟ್ಟಿದ್ದ ಕೌದಿಯ ಹತ್ತಿರ ಹೋದೆ. ಅದು ಬಟ್ಟೆಯ ಹಾಗಿರಲಿಲ್ಲ, ಹಲಗೆಯ ಹಾಗೆ ಸೆಟೆದಿತ್ತು. ಹೊಲಿಗೆಯ ಸಾಲಿನಲ್ಲೆಲ್ಲ ಬಿಳಿ ಹುಡಿ ಕುಳಿತಿತ್ತು. ಬೆರಳಿಗೆ ಹಚ್ಚಿ ನಾಲಿಗೆಯ ಮೇಲೆ ಇಟ್ಟೆ. ಉಪ್ಪು.

ಆಮೇಲೆ ತಿಳಿಯುವುದು ಏನೂ ಉಳಿಯಲಿಲ್ಲ. ಮಾಳಿಗೆಯ ಸವಳು ಮಣ್ಣು ವರ್ಷವಿಡೀ ಜಂತೆಯ ಸಂದಿಯಿಂದ ಸಣ್ಣಗೆ ಉದುರಿದೆ. ಕೌದಿ ಅದನ್ನು ಹಿಡಿದಿಟ್ಟುಕೊಂಡಿದೆ. ಮಳೆಗಾಲದ ತಂಪಿಗೆ ಕೌದಿ ಒದ್ದೆಯಾಗಿ ಉಪ್ಪು ಕರಗಿ, ಅಂಚಿನ ಕಾಲುವೆಗೆ ಇಳಿದು, ಅಲ್ಲಿಂದ ಕಂಬದ ಒಳಗೆ ಹೋಗಿದೆ. ಮೇಲೆ ನಾನು ಉಜ್ಜಿ ಉಜ್ಜಿ ಬಣ್ಣ ಹೊಡೆಯುತ್ತಿದ್ದಾಗ ಒಳಗೆ ಅದು ತನ್ನ ಕೆಲಸ ನಡೆಸಿತ್ತು. ಬೇರೆ ಗಾಡಿಗಳು ಬೇಗ ಹೋದದ್ದರಿಂದ ಬದುಕಿದವು. ಇಟ್ಟುಕೊಂಡದ್ದು ಇದೊಂದನ್ನೇ.

"ತಗಡು ಹಚ್ಚಿ ಹೊಲಿ ತಮ್ಮಾ" ಎಂದೆ.

"ಎಲ್ಲಿ ಹೊಲೀಲಿ? ದಾರ ಹಿಡೀಬೇಕಂದ್ರ ಅರಿವಿ ಗಟ್ಟಿ ಇರಬೇಕಲ್ಲ. ಬೆಂಕಿ ಹಿಡದ್ರ ಉದುರತೈತಿ. ಜೀಪಿನಂಗ ತಳಕ್ಕ ಬ್ಯಾರೆ ಚಾಸಿ ಇಲ್ಲ ಇದಕ್ಕ. ಮೈ ತಗಡ ಇದರ ಎಲುಬು."

"ಸಾವಕಾಶ ಹೊಡಕೊಂಡು ರೋಣಕ್ಕ ಹೋಗಿ ಬರಾಕ ಆಗೂದಿಲ್ಲೇನು?" ಎಂದು ಮಗ ಕೇಳಿದ.

"ಓಣಿ ದಾಟೂದ್ರಾಗ ನಡಾ ಮುರೀತೈತಿ. ಒಳಗ ಮಂದಿ ಇದ್ರ ಅವರದೂ."

ಪಡಸಾಲೆಗೆ ಹೋದೆ. ಇವರು ತಲೆ ಎತ್ತಿ ನೋಡುತ್ತಿದ್ದರು.

"ಕಾರು ಮುಗೀತ್ರಿ. ಕಂಬ ಎಲ್ಲಾ ತಿಂದು ಹೋಗ್ಯಾವು. ಮಾಳಿಗಿ ಮಣ್ಣು ತಿಂದೈತಿ."

"ಸುಳ್ಳ."

"ಸುಳ್ಳ ಹೇಳಿ ನನಗೇನ ಬರೂದೈತಿ?"

"ಎತ್ತು ನನ್ನ."

ಮಗ ಮತ್ತು ಆ ವೆಲ್ಡಿಂಗಿನವನು ಇವರನ್ನು ಕುರ್ಚಿಗೆ ಇಳಿಸಿ, ಕುರ್ಚಿಯ ಸಮೇತ ಎತ್ತಿ ಒಯ್ದು ಎಡಗಡೆಯ ಸೀಟಿನಲ್ಲಿ ಕೂರಿಸಿದರು. ಅವರ ಮೈಭಾರಕ್ಕೆ ಕೆಳಗೆ ಎಲ್ಲೋ ಕರಕರ ಎಂದಿತು. ಇವರು ಎಡಗೈಯನ್ನು ಕಂಬಕ್ಕೆ ಊರಿ ಒತ್ತಿದರು. ಹಪ್ಪಳ ಮುರಿದ ಸಪ್ಪಳ. ಕೈ ತೆಗೆದು ಅಂಗೈ ನೋಡಿಕೊಂಡರು. ಕೆಂಪು ಹುಡಿ ಹತ್ತಿತ್ತು.

"ಶುರು ಮಾಡು" ಎಂದರು ಮಗನಿಗೆ.

ಮಗ ನನ್ನ ಮುಖ ನೋಡಿದ. ಮಾಡು ಎಂದೆ. ಎಂಜಿನ್ನು ಮೊದಲನೆಯದಕ್ಕೇ ಹಿಡಿಯಿತು. ಹಾಲು ಕರೆಯುವ ಸಪ್ಪಳದ ಹಾಗೆ ಒಂದೇ ಸಮನೆ ಓಡಿತು. ಅಷ್ಟು ಚಲೋ ಕೆಲಸವನ್ನು ನಾವಿಬ್ಬರೂ ಜನ್ಮದಲ್ಲಿ ಮಾಡಿರಲಿಲ್ಲ. ಆ ಅದುರಾಟಕ್ಕೆ ಮಾಳಿಗೆಯಿಂದ ಮಣ್ಣು ಉದುರಿ ಮುಂದಿನ ಗಾಜಿನ ಮೇಲೆ ಬಿತ್ತು. ಇವರು ಕಣ್ಣು ಮುಚ್ಚಿ ಕೇಳಿದರು.

"ಬಂದ್ ಮಾಡು."

ಅಷ್ಟೇ. ಹೊರಸಿಗೆ ತಂದು ಮಲಗಿಸಿದೆವು. ಸೊಸೆ ಹತ್ತಿರ ಬಂದು ಹೇಳಿದಳು.

"ಮಾವಾರ, ಟಂಟಂ ಮಾಡಿಕೊಂಡು ರೋಣಕ್ಕ ಹೋಗಿ ಬರೂಣ್ರಿ. ಒಂಚೂರು ಗಾಳಿ ಬರತೈತಿ."

"ನಾ ಏನ ಗಾಳಿ ಕುಡ್ಯಾಕ ಹೊಂಟಿದ್ನೇನು?"

ಅವಳು ಒಲೆಯ ಕಡೆಗೆ ಹೋದಳು. ಮಾತ್ರೆ ನುಂಗಿಸುವಾಗ ಬಿಟ್ಟರೆ ಇವರು ಈಗ ಬಾಯಿ ತೆರೆಯುವುದಿಲ್ಲ. ಹೊರಸಿನ ದಿಕ್ಕು ಬದಲಿಸಿರಿ ಎಂದು ಕೈ ಮಾಡಿದರು, ಬದಲಿಸಿದೆವು. ಈಗ ತಲೆ ಕೊಟ್ಟಿಗೆಯ ಕಡೆಗೆ, ಮುಖ ಗೋಡೆಗೆ.

ಗುಜರಿಯವನನ್ನು ಕರೆಯಲೇನು ಎಂದು ಮಗ ಕೇಳಿದಾಗ, ತಡಿ, ಬಿಚ್ಚುತ್ತೇನೆ ಎಂದೆ. ಕೊಡಲಿ ಹಾಕಿ ಒಡೆಯಲು ಬಿಡುವುದು ನನ್ನಿಂದ ಆಗದು. ಊಟವಾದ ಮೇಲೆ ದಿನಾ ಕೊಟ್ಟಿಗೆಗೆ ಹೋಗುತ್ತೇನೆ. ಜೋಡಿಸಿದ್ದನ್ನೆಲ್ಲ ಹಿಂದೆ ಹಿಂದೆ ಬಿಚ್ಚುತ್ತಿದ್ದೇನೆ. ತೊಳೆದು ಒರೆಸಿ ಇಡುತ್ತೇನೆ. ಯಾರಿಗೆ ಬೇಕು ಎಂದು ಕೇಳಬೇಡಿ, ಯಾರಿಗೂ ಬೇಡ.

ನಿನ್ನೆ ಕಾರ್ಬುರೇಟರಿಗೆ ಕೈ ಹಾಕಿದವಳು ನಿಂತೆ. ಪಡಸಾಲೆಯ ಕಡೆ ತಿರುಗಿ, ಗೊತ್ತಿಲ್ಲದವಳ ಹಾಗೆ ಕೂಗಿದೆ.

"ರೀ, ಇದಕ್ಕ ಹನ್ನೊಂದರ ಪಾನಾ ಹಚ್ಚಲ್ಯೋ ಹತ್ತರದ್ದೋ?"

ಬೈಗುಳ ಬರಲಿ ಎಂದು ಕಾದೆ. ಮತ್ತೆ ಕೂಗಿದೆ. ಹೊರಸು ಕಿರುಗುಟ್ಟಿತು.

"ನಿನಗ ಗೊತ್ತೈತಲ್ಲ" ಎಂದರು, ಗೋಡೆಗೆ.

ಗೊತ್ತಿತ್ತು. ಪಾನಾ ಹಚ್ಚಿ ಬಿಚ್ಚಿದೆ.