ಸೊಂಟದ ಮೂಳೆ ಯಾರ ತಟ್ಟೆಗೆ?

ಸೂಸಾಮಿರ್ ಹುಲ್ಲುಗಾವಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಬ್ಬನಿಗೆ ಒದ್ದೆಯಾದ ಬೆರಣಿ ಹೊತ್ತಿಕೊಳ್ಳಲು ಹಟ ಮಾಡುತ್ತಿದೆ, ಉಮ್ಸುನಾಯ್ ಅವರು ಕಣ್ಣು ಕಿರಿದು ಮಾಡಿಕೊಂಡು ಒಲೆ ಊದುತ್ತಿದ್ದಾರೆ. ಪಕ್ಕದ ಹಲಗೆಯ ಮೇಲೆ ಆಗಷ್ಟೇ ಕೊಯ್ದ ಕುರಿ. ಕೊಡಲಿ ಮುಟ್ಟಿಸುವಂತಿಲ್ಲ, ಒಂದು ಮೂಳೆಯೂ ಮುರಿಯುವಂತಿಲ್ಲ. ಚಾಕುವಿನ ತುದಿಯಿಂದಲೇ ಕೀಲುಕೀಲು ಬಿಡಿಸಿ ಒಂದೊಂದನ್ನೂ ಸಾಲಾಗಿ ಇಡಬೇಕು.

"ಇವತ್ತೊಂದಿನ ನನ್ನ ಮಾತಾಡಿಸ್ಬೇಡಿ," ಎನ್ನುತ್ತಾರೆ ತಲೆ ಎತ್ತದೆ. "ಕೈ ತಪ್ಪಿದ್ರೆ ಬೆರಳು ಹೋಗುತ್ತೆ, ಹೋಗ್ಲಿ, ಇನ್ನೂ ಒಂಬತ್ತಿವೆ. ಸಾಯಂಕಾಲ ಬಡಿಸೋದು ತಪ್ಪಿದ್ರೆ ಇರೋ ಒಂದು ಮರ್ಯಾದೆನೂ ಹೋಗುತ್ತೆ."

'ಕೊನೆಯ ಗುಡಾರ' ಸ್ಪರ್ಧೆಯನ್ನು ಈ ಬೇಸಿಗೆಯಲ್ಲಿ ನೋಡದವರು ಯಾರಿದ್ದಾರೆ? ಬುಧವಾರ ಬಂತೆಂದರೆ ಬಾಡಿಗೆ ವ್ಯಾನುಗಳ ಚಾಲಕರು ಪ್ರಯಾಣಿಕರನ್ನು ಅರ್ಧದಾರಿಯಲ್ಲೇ ಇಳಿಸಿ ಚಹಾದಂಗಡಿಯ ಟೀವಿ ಮುಂದೆ ಕೂರುತ್ತಾರೆ. ಅವರೆಲ್ಲ ಅಟ್‌ಬಾಶಿಯ ಕುಸ್ತಿಪಟು ಸಿರ್ಗಾಕ್‌ನ ಕಡೆ. ಸಂತೆಯಲ್ಲಿ ಮೊಸರುಂಡೆ ಮಾರುವ ಹೆಂಗಸರು ಟೊಕ್ಟೊಗುಲ್‌ನ ಲಾರಿ ಚಾಲಕಿ ಕಲಿಮಾಳ ಕಡೆ. ಸ್ಪರ್ಧಿಗಳು ಹುಲ್ಲುಗಾವಲಿನ ಎರಡು ಗುಡಾರಗಳಲ್ಲಿ ಎರಡು ಬಣವಾಗಿ ಬದುಕಬೇಕು, ಕುದುರೆ ಪಳಗಿಸಬೇಕು, ಹೊಳೆ ದಾಟಬೇಕು, ವಾರಕ್ಕೊಬ್ಬರನ್ನು ತಾವೇ ಮನೆಗೆ ಕಳಿಸಬೇಕು. ಇಷ್ಟೆಲ್ಲದರ ನಡುವೆ ಅವರಿಗೆ ಅನ್ನ ಹಾಕುತ್ತಿರುವ ಉಮ್ಸುನಾಯ್ ಅವರ ಮುಖ ಒಮ್ಮೆಯೂ ಪರದೆಯ ಮೇಲೆ ಬಂದಿಲ್ಲ. ತಟ್ಟೆ ಇಡುವ ಎರಡು ಕೈ ಬರುತ್ತವೆ, ಹೋಗುತ್ತವೆ.

ಐವತ್ತೆಂಟು ದಾಟಿದ ಅವರು ಈ ಕಣಿವೆಯವರೇ. ಇಲ್ಲಿ ಎಲ್ಲರಿಗೂ 'ಎಜೆ', ಎಂದರೆ ಅಕ್ಕ. ಅವರ ನಿಜವಾದ ಕೆಲಸ ಅಡುಗೆಯಲ್ಲ, ಹಲಗೆ ಹಿಡಿಯುವುದು. ಊರಿನ ಮದುವೆ ಇರಲಿ, ಸಾವಿನ ಊಟ ಇರಲಿ, ಕುರಿಯ ಯಾವ ಮೂಳೆ ಯಾರ ಮುಂದೆ ಹೋಗಬೇಕೆಂದು ನೋಡಿ ಬಡಿಸುವವರು ಅವರು. ಹಿರಿಯರಿಗೆ ಸೊಂಟದ ಮೂಳೆ, ಅವರ ನಂತರದವರಿಗೆ ತೊಡೆಯದು, ಮಕ್ಕಳಿಗೆ ಕಿವಿ. ಕೆಲವು ಕಣಿವೆಗಳಲ್ಲಿ ಹೆಂಗಸರಿಗೆ ಬಾಲದ ಮೂಳೆಯೇ ಸರಿ ಎನ್ನುತ್ತಾರೆ. ಇಲ್ಲಿ ಹಾಗಿಲ್ಲ, ಗಂಡಾಗಲಿ ಹೆಣ್ಣಾಗಲಿ ಪಂಕ್ತಿಯಲ್ಲಿ ಯಾರು ದೊಡ್ಡವರೋ ಸೊಂಟದ ಮೂಳೆ ಅವರದು. ಇದು ತಪ್ಪಿ ಎರಡು ಮನೆಗಳು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ಉಮ್ಸುನಾಯ್ ಕಣ್ಣಾರೆ ಕಂಡಿದ್ದಾರೆ. ಹಲಗೆ ಅವರಿಗೆ ಬಂದದ್ದು ಅತ್ತೆಯಿಂದ. ಮುದುಕಿಯ ಕೈ ನಡುಗಲು ಶುರುವಾದ ವರ್ಷ ಊರವರು ಕೇಳುವ ಮೊದಲೇ ಚಾಕು ತೆಗೆದು ಸೊಸೆಯ ಮುಂದಿಟ್ಟರಂತೆ.

ಅಂಥ ಕೈ ತಪ್ಪಿದ್ದು ಈ ಸ್ಪರ್ಧೆಯ ಮೊದಲ ದಿನ.

ಅಡುಗೆಯವರು ಸ್ಪರ್ಧಿಗಳ ಜೊತೆ ಮಾತಾಡಬಾರದೆಂಬುದು ವಾಹಿನಿಯ ಕಟ್ಟಪ್ಪಣೆ. ಆ ದಿನ ಮಾತ್ರ ಒಂದೇ ಪ್ರಶ್ನೆಗೆ ಅವಕಾಶ ಕೊಟ್ಟಿದ್ದರು. ಉಮ್ಸುನಾಯ್ ವಯಸ್ಸು ಕೇಳಿದರು. ನಮ್ಮವರು ವಯಸ್ಸು ಕೇಳಿದರೆ ಇಸವಿ ಹೇಳುವುದುಂಟೇ? ಹುಟ್ಟಿದ ವರ್ಷದ ಪ್ರಾಣಿ ಹೇಳಿ ಸುಮ್ಮನಾಗುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ಮರಳಿ ಬರುತ್ತದೆ, ಎಷ್ಟನೇ ಸುತ್ತು ಎಂಬುದನ್ನು ಕೇಳಿದವರೇ ಮುಖ ನೋಡಿ ತಿಳಿದುಕೊಳ್ಳಬೇಕು. ಸಿರ್ಗಾಕ್ ಹುಲಿ ಎಂದ. ಕಲಿಮಾಳೂ ಹುಲಿ ಎಂದಳು. ಅವಳು ಕೆಂಚುಬಣ್ಣ ಹಚ್ಚಿದ ಕೂದಲು ಬಿಟ್ಟುಕೊಂಡು, ಜೀನ್ಸ್ ತೊಟ್ಟು, ನಗುತ್ತ ಕೂತಿದ್ದಳು. ಇಬ್ಬರೂ ಒಂದೇ ವಯಸ್ಸಿನವರೆಂದು ಬಗೆದ ಉಮ್ಸುನಾಯ್, ಸಮಾನರಾದರೆ ದೂರದಿಂದ ಬಂದವರಿಗೆ ಮೊದಲು ಎಂದುಕೊಂಡು ಸೊಂಟದ ಮೂಳೆಯನ್ನು ಅಟ್‌ಬಾಶಿಯ ಸಿರ್ಗಾಕ್‌ನ ಮುಂದಿಟ್ಟರು. ಅವನಿಗೆ ಮೂವತ್ತೆಂಟು. ಕಲಿಮಾಳಿಗೆ ಪೂರ್ತಿ ಒಂದು ಸುತ್ತು ಹೆಚ್ಚು, ಐವತ್ತು.

ಕಲಿಮಾ ಒಂದು ಮಾತೂ ಆಡದೆ ತನ್ನ ಪಾಲಿಗೆ ಬಂದದ್ದನ್ನು ತಿಂದಳು. ಮರುದಿನ ಗುಡಾರ ಬದಲಿಸಿದಳು. ಸಿರ್ಗಾಕ್ ಮಾತ್ರ ವಾಹಿನಿಯೇ ತನ್ನನ್ನು ನಾಯಕ ಮಾಡಿದೆ ಎಂದು ನಂಬಿ ಎದೆ ಉಬ್ಬಿಸಿಕೊಂಡು ಓಡಾಡಿದ. ಅಲ್ಲಿಂದ ಶುರು. ಸಿರ್ಗಾಕ್‌ನ ಕುದುರೆಯ ಜೀನಿನ ಪಟ್ಟಿಯನ್ನು ಕಲಿಮಾಳ ಕಡೆಯವರು ಬಚ್ಚಿಟ್ಟರು, ಅವರ ಉಪ್ಪಿನ ಚೀಲಕ್ಕೆ ಸಿರ್ಗಾಕ್ ನೀರು ಸುರಿದ. ಕಲಿಮಾಳ ಬಣ ಸೇರಿದವರನ್ನು ಸಿರ್ಗಾಕ್‌ನ ಬಣ ಒಬ್ಬೊಬ್ಬರಾಗಿ ಮನೆಗೆ ಕಳಿಸಿತು, ಅವಳು ಉಳಿದವರನ್ನು ಒಡೆದು ತನ್ನ ಕಡೆ ಎಳೆದುಕೊಂಡಳು. ನೋಡುಗರಿಗೆ ಹಬ್ಬವೋ ಹಬ್ಬ.

ತಪ್ಪು ಗೊತ್ತಾದದ್ದು ಮನೆಯವರು ಭೇಟಿಗೆ ಬಂದ ವಾರ. ಶಾಲೆಯ ಚೀಲ ಹೊತ್ತ ಹುಡುಗನೊಬ್ಬ ಓಡಿಬಂದು ಕಲಿಮಾಳನ್ನು ಅಜ್ಜಿ ಎಂದು ಅಪ್ಪಿಕೊಂಡಾಗ ಉಮ್ಸುನಾಯ್ ಅವರ ಕೈಯ ಸೌಟು ಹಂಡೆಯೊಳಗೆ ಬಿತ್ತು. ಆ ಕಂತು ಪ್ರಸಾರವಾದ ಮರುದಿನವೇ ಅತ್ತೆಯ ಫೋನು ಬಂತು.

"ಆ ಹೆಂಗಸಿನ ಮೊಣಕೈ ನೋಡ್ಲಿಲ್ವೇನೇ ನೀನು? ಮೂವತ್ತೆಂಟರ ಮೊಣಕೈನಾ ಅದು? ಕೂದಲಿಗೆ ಬಣ್ಣ ಹಚ್ಬೋದು, ಮೊಣಕೈಗೆ ಹಚ್ತಾರಾ?"

ಅತ್ತೆ ಬೈದರೆ ಸಹಿಸಬಹುದು. ಆದರೆ ಆ ಬಳಿಕ ಊರಲ್ಲಿ ಎರಡು ಮದುವೆಗಳಾದವು, ಎರಡಕ್ಕೂ ಹಲಗೆ ಹಿಡಿಯಲು ಪಕ್ಕದ ಹಳ್ಳಿಯವರನ್ನು ಕರೆಸಿದರು. ಇವರಿಗೆ ಬರೀ ಊಟದ ಕರೆ. ಅದನ್ನು ಹೇಳುವಾಗ ಉಮ್ಸುನಾಯ್ ಅವರ ದನಿ ಇಳಿಯುತ್ತದೆ. ಸ್ಪರ್ಧಿಗಳಿಗಷ್ಟೇ ಕುರಿ ಕೊಯ್ಯುವ ಊಟ ಮೊದಲ ದಿನ ಬಿಟ್ಟರೆ ಇವತ್ತೇ, ಫೈನಲ್ ದಿನ ಸೊಂಟದ ಮೂಳೆ ಕಣಿವೆಯ ಹಿರಿಯರಿಗೆ ಹೋಗುತ್ತದೆ. ಇವತ್ತು ಸರಿಪಡಿಸಿದರೆ ಉಂಟು, ಇಲ್ಲವೆಂದರೆ ಆ ಹಲಗೆ ಇನ್ನು ಅವರ ಕೈಗೆ ಬರುವುದಿಲ್ಲ.

ಈಗ ಉಳಿದಿರುವುದು ಮೂವರು. ಸಿರ್ಗಾಕ್, ಕಲಿಮಾ, ಮತ್ತೆ ಕರಕೋಲ್‌ನಿಂದ ಬಂದ ಹಾಡುಗಾರ ಬೆಕ್ತೂರ್. ಅವನಿಗೆ ಇಪ್ಪತ್ತಮೂರು, ಜೇನಿನಂಥ ಮಾತು. ಊಟದ ಬಳಿಕ ಮೂವರೂ ತಮ್ಮಲ್ಲೊಬ್ಬರನ್ನು ಮನೆಗೆ ಕಳಿಸಬೇಕು. ಉಳಿದ ಇಬ್ಬರಿಗೆ ಫೈನಲ್. ಮೊನ್ನೆ ಬೆಕ್ತೂರ್ ಅಡುಗೆಯ ಕಡೆ ಬಂದು ಸನ್ನೆಯಲ್ಲೇ ಒಂದು ತುಂಡು ರೊಟ್ಟಿ ಕೇಳಿದ್ದ. ಕುದುರೆ ಕಟ್ಟುವ ಕಡೆ ಸಿರ್ಗಾಕ್‌ನ ಎದುರು ಅದನ್ನು ಮುರಿದು ಕೊನೆಯವರೆಗೂ ನಿನ್ನ ಕಡೆಯೇ ಎಂದು ಆಣೆ ಇಟ್ಟ, ಮಾತು ತಪ್ಪಿದರೆ ಈ ರೊಟ್ಟಿಯೇ ನನ್ನನ್ನು ಹೊಡೆಯಲಿ ಎಂದು. ನಿನ್ನೆ ಮತ್ತೆ ಬಂದು ಇನ್ನೊಂದು ತುಂಡು ಒಯ್ದ. ಈ ಸಲ ಬೆರಣಿಯ ರಾಶಿಯ ಹಿಂದೆ, ಕಲಿಮಾಳ ಎದುರು ಅದೇ ಆಣೆ. ಅಡುಗೆಮನೆ ಇರುವುದು ಎರಡರ ನಡುವೆ. ಉಮ್ಸುನಾಯ್ ಎರಡನ್ನೂ ನೋಡಿದ್ದಾರೆ, ಯಾರಿಗೂ ಹೇಳಿಲ್ಲ.

ಹಂಡೆ ಕುದಿಯುವ ಹೊತ್ತಿಗೆ ನಿರ್ದೇಶಕಿ ಚೋಲ್ಪೊನ್ ಬರುತ್ತಾಳೆ. ಇದೇ ನೆಲದ ಹುಡುಗಿ, ಚುರುಕು, ರಾಜಧಾನಿ ಬಿಷ್ಕೆಕ್‌ನಲ್ಲಿ ಬೆಳೆದರೂ ಅಜ್ಜಿಯ ಕೈಯಲ್ಲಿ ತಲೆಗೂದಲು ಹೆಣೆಸಿಕೊಂಡವಳು. ತಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿಯೇ ಗೊತ್ತು. ಅದಕ್ಕೇ ಕಣ್ಣು ತಪ್ಪಿಸಿ ಕೇಳುತ್ತಾಳೆ.

"ಎಜೆ, ಇವತ್ತು ಸೊಂಟದ ಮೂಳೆ ಬೆಕ್ತೂರ್‌ಗೆ ಇಡಿ."

"ಆ ಕೂಸಿಗಾ?"

"ಹೂಂ. ಸಿರ್ಗಾಕ್ ಅಣ್ಣ ಉರ್ಕೊಳ್ತಾರೆ, ಕಲಿಮಾ ಎಜೆ ಉರ್ಕೊಳ್ತಾರೆ. ಹಳೇದೆಲ್ಲಾ ಆಚೆ ಬರುತ್ತೆ. ನನಗೆ ಬೇಕಿರೋದು ಅದೇ."

"ನಿಮ್ಮಜ್ಜಿ ಮುಂದೆ ಹೀಗೆ ಬಡಿಸ್ತೀಯೇನಮ್ಮಾ?"

"ನಮ್ಮಜ್ಜಿ ಟೀವಿ ನಡೆಸ್ತಿಲ್ಲ ಎಜೆ," ಎನ್ನುತ್ತಾಳೆ ಚೋಲ್ಪೊನ್. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು. "ಆಗಲ್ಲ ಅಂದ್ರೆ ಹೇಳ್ಬಿಡಿ, ಫೈನಲ್‌ಗೆ ಬೇರೆ ಅಡುಗೆಯವರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬೇಡಿ."

ಉಮ್ಸುನಾಯ್ ನೊರೆ ತೆಗೆಯುತ್ತಿದ್ದಾರೆ. ಫೈನಲ್ ದಿನ ಎರಡು ಕುರಿ, ಒಂದು ಕುದುರೆಮರಿ, ಇಡೀ ಕಣಿವೆಗೆ ಊಟ. ಅದಕ್ಕೆ ಬೇಕಾದ ಸಾಮಾನನ್ನು ಅವರು ಆಗಲೇ ಆರಿಸಿಟ್ಟಿದ್ದಾರೆ.

ಇಳಿಬಿಸಿಲಿಗೆ ಊಟದ ಚಾಪೆ ಹಾಸುತ್ತಾರೆ. ಮೂವರೂ ಕೂರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬೆಕ್ತೂರ್ ಮಾತ್ರ ಇಬ್ಬರಿಗೂ ಚಹಾ ಬಗ್ಗಿಸಿಕೊಟ್ಟು, ಇಬ್ಬರಿಗೂ ಒಂದೊಂದು ನಗೆ ಹಂಚುತ್ತಾನೆ. ಕ್ಯಾಮೆರಾಗಳು ಸುತ್ತ ನಿಂತಿವೆ. ಉಮ್ಸುನಾಯ್ ತಟ್ಟೆ ಹಿಡಿದು ಬರುತ್ತಾರೆ. ಆವಿ ಏಳುತ್ತಿರುವ ಸೊಂಟದ ಮೂಳೆ ಎಲ್ಲದರ ಮೇಲಿದೆ. ಬೆಕ್ತೂರ್ ಅಂಗಿಯ ತೋಳು ಮಡಚಿಕೊಂಡು ಸಿದ್ಧನಾಗುತ್ತಾನೆ, ಅವನ ಕಿವಿಗೆ ಯಾರೋ ಮೊದಲೇ ಊದಿರಬೇಕು. ತಟ್ಟೆ ಅವನನ್ನು ದಾಟುತ್ತದೆ. ಸಿರ್ಗಾಕ್‌ನನ್ನೂ ದಾಟುತ್ತದೆ. ಕಲಿಮಾಳ ಮುಂದೆ ನಿಲ್ಲುತ್ತದೆ.

"ತಂಗೀ," ಎನ್ನುತ್ತಾರೆ ಉಮ್ಸುನಾಯ್. ಮಾತಾಡಬಾರದೆಂಬ ನಿಯಮ ಅಲ್ಲಿಗೆ ಮುರಿಯಿತು. "ಮೊದಲನೇ ದಿನ ಒಂದು ಸುತ್ತು ಕಮ್ಮಿ ಎಣಿಸ್ಬಿಟ್ಟೆ. ಅವನದೇನೂ ತಪ್ಪಿಲ್ಲ, ನಾನೇ ಇಟ್ಟಿದ್ದು. ಇದು ನಿನ್ನದು."

ಸಿರ್ಗಾಕ್‌ನ ಮುಖ ಕಪ್ಪಿಡುತ್ತದೆ. ಅವನು ಕಲಿಮಾಳ ಕಡೆ ತಿರುಗುತ್ತಾನೆ.

"ಎಷ್ಟು ನಿಂಗೆ?"

"ಐವತ್ತು."

"ಐವತ್ತಾ? ಇಷ್ಟು ದಿನ 'ಲೇ ಕಲಿಮಾ' ಅಂತ ಕೂಗ್ತಿದ್ನಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

"ಹೆಂಗಸ್ರು ತಾವಾಗೇ ವಯಸ್ಸು ಹೇಳ್ಕೊಂಡು ಮೂಳೆ ಕೇಳ್ತಾರೇನೋ?"

ಅಷ್ಟರಲ್ಲಿ ಹಿಂದಿನಿಂದ ಚೋಲ್ಪೊನ್‌ಳ ದನಿ. "ನಿಲ್ಸಿ, ನಿಲ್ಸಿ. ಎಜೆ, ತಟ್ಟೆ ವಾಪಸ್ ತಗೊಳ್ಳಿ. ಮತ್ತೆ ಮಾಡೋಣ, ಬೆಕ್ತೂರ್‌ಗೆ ಇಡೋದನ್ನ."

ಕಲಿಮಾ ಚಾಕು ಕೈಗೆತ್ತಿಕೊಳ್ಳುತ್ತಾಳೆ. ಮೂಳೆ ಪಡೆದವರು ಒಬ್ಬರೇ ತಿನ್ನುವಂತಿಲ್ಲ, ಕೊಯ್ದು ಕಿರಿಯರಿಗೆ ತಮ್ಮ ಕೈಯಾರೆ ತಿನ್ನಿಸಬೇಕು. ಯಾರಿಗೆ ಮೊದಲು ಎಂಬುದನ್ನು ಆರಿಸುವುದೂ ಅವರೇ. ಅವಳು ಕೊಬ್ಬು ಹತ್ತಿದ ಒಂದು ಒಳ್ಳೆಯ ತುಂಡು ಕೊಯ್ದು, ಅಂಗೈಯಲ್ಲಿ ಹಿಡಿದು, ಸಿರ್ಗಾಕ್‌ನ ಬಾಯಿಯ ಹತ್ತಿರ ಒಯ್ಯುತ್ತಾಳೆ.

"ತಗೋ ತಮ್ಮಾ. ಉಪ್ಪಿಗೆ ನೀರು ಸುರಿದವನೇ."

ಕೈ ಗಾಳಿಯಲ್ಲೇ ನಿಂತಿದೆ. ಕುಸ್ತಿಪಟು ಬಾಯಿ ತೆರೆದರೆ ಜಗಳ ಮುಗಿಯಿತು, ತೆರೆಯದಿದ್ದರೆ ಈ ಜನ್ಮಕ್ಕೆ ಮುಗಿಯುವುದಿಲ್ಲ. ಕೊನೆಗೆ ಅವನು ಟೋಪಿ ಸರಿಮಾಡಿಕೊಂಡು, ಸಣ್ಣ ಹುಡುಗನ ಹಾಗೆ ಬಾಯಿ ತೆರೆಯುತ್ತಾನೆ.

"ಈಗ ಹೇಗಮ್ಮಾ ವಾಪಸ್ ತಗೊಳ್ಳೋದು?" ಎಂದು ಉಮ್ಸುನಾಯ್ ಚೋಲ್ಪೊನ್‌ಳನ್ನು ಕೇಳುತ್ತಾರೆ. "ಅವನಾಗ್ಲೇ ನುಂಗ್ಬಿಟ್ಟ."

ಕ್ಯಾಮೆರಾ ಹಿಡಿದವರಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಚೋಲ್ಪೊನ್ ನಗುವುದಿಲ್ಲ.

ಊಟ ಮುಗಿದು, ಪ್ರಾರ್ಥನೆ ಹೇಳಿ ಅಂಗೈಗಳಿಂದ ಮುಖ ಸವರಿಕೊಂಡು ಎಲ್ಲರೂ ಏಳುತ್ತಾರೆ. ಮೂರು ಜೀನುಗಳನ್ನು ಸಾಲಾಗಿ ಇಟ್ಟಿದ್ದಾರೆ. ಯಾರು ಹೋಗಬೇಕೋ ಅವರ ಜೀನಿನ ಮೇಲೆ ಕುರಿಯ ಕೀಲುಮೂಳೆ ಇಡಬೇಕು. ಕಿರಿಯನಾದ ಬೆಕ್ತೂರ್‌ನ ಸರದಿ ಮೊದಲು. ಅವನು ನೇರ ಹೋಗಿ ಕಲಿಮಾಳ ಜೀನಿನ ಮೇಲೆ ಇಡುತ್ತಾನೆ, ಸಿರ್ಗಾಕ್ ಹಿಂದೆಯೇ ಬರುತ್ತಾನೆಂಬ ಧೈರ್ಯ. ಕಲಿಮಾ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಸಿರ್ಗಾಕ್ ಎದ್ದು ಜೀನುಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾನೆ. ಆಮೇಲೆ ಬಾಗಿ ತನ್ನ ಮೂಳೆಯನ್ನು ಬೆಕ್ತೂರ್‌ನ ಜೀನಿನ ಮೇಲೆ ಇಡುತ್ತಾನೆ.

"ಅಕ್ಕನ ಕೈತುತ್ತು ಇನ್ನೂ ಗಂಟಲಲ್ಲಿದೆ," ಎನ್ನುತ್ತಾನೆ ಯಾರನ್ನೂ ನೋಡದೆ. "ಅವರ ಜೀನಿನ ಮೇಲೆ ಹೇಗೆ ಇಡ್ಲಿ?"

ಕಲಿಮಾಳ ಮೂಳೆಯೂ ಅಲ್ಲಿಗೇ ಬೀಳುತ್ತದೆ.

ಗಂಟುಮೂಟೆ ಕಟ್ಟಿಕೊಂಡ ಬೆಕ್ತೂರ್ ಅಡುಗೆಯ ಕಡೆ ಬರುತ್ತಾನೆ. ಕಣ್ಣು ಕೆಂಪಗಿವೆ. "ನನ್ನನ್ನ ಮನೆಗೆ ಕಳಿಸಿದ್ದು ಅವರಿಬ್ರಲ್ಲ ಎಜೆ, ನೀವು."

ಉಮ್ಸುನಾಯ್ ಇಲ್ಲವೆನ್ನುವುದಿಲ್ಲ. ಅವನ ಪಾಲಿನ ಮಾಂಸವನ್ನು ತಾಯಿಗೆಂದು ಚೀಲದಲ್ಲಿ ಕಟ್ಟಿಕೊಡುತ್ತಾರೆ. "ಎರಡು ತುಂಡು ರೊಟ್ಟಿ ಒಯ್ದಿದ್ದು ನಾನು ಯಾರಿಗೂ ಹೇಳಿಲ್ಲ ಮಗಾ. ಹೇಳೋದೂ ಇಲ್ಲ. ನೀನೇ ಯಾವತ್ತಾದ್ರೂ ಅಮ್ಮನ ಹತ್ರ ಹೇಳ್ಕೋ." ಹುಡುಗ ಚೀಲ ಎದೆಗವಚಿಕೊಂಡು ವ್ಯಾನು ಹತ್ತುತ್ತಾನೆ. ಅವನು ಕೆಟ್ಟವನಲ್ಲ, ಗೆಲ್ಲುವ ಆತುರ ಎನ್ನುತ್ತ ಉಮ್ಸುನಾಯ್ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಲೆಯ ಹೊಗೆ ಯಾವಾಗಲೋ ಆರಿದೆ.

ಫೈನಲ್‌ಗೆ ಬೇರೆ ಅಡುಗೆಯವರು ಬರುತ್ತಾರೆಂದು ಚೋಲ್ಪೊನ್ ಬಂದು ಹೇಳಿಹೋಗಿದ್ದಾಳೆ. ಹೇಳುವಾಗ ಅವರ ಭುಜ ಮುಟ್ಟಿದಳಂತೆ. ಉಮ್ಸುನಾಯ್ ಹಂಡೆ ಉಜ್ಜಿ ಬೋರಲು ಹಾಕುತ್ತಾರೆ. ಊರಿನವರು ಮತ್ತೆ ಹಲಗೆಗೆ ಕರೆಯುತ್ತಾರೋ ಇಲ್ಲವೋ ಬುಧವಾರ ಕಂತು ನೋಡಿದ ಮೇಲೆ ಗೊತ್ತಾಗಬೇಕು. ಆಸೆ ಏನಾದರೂ ಇದೆಯೇ ಎಂದರೆ ಕೈ ಒರೆಸಿಕೊಂಡು ಹೇಳುತ್ತಾರೆ.

"ಯಾರಾದ್ರೂ ಗೆಲ್ಲಲಿ. ಮುಗಿದ ಮೇಲೆ ಅವರಿಬ್ರೂ ಒಂದಿನ ನಮ್ಮನೆಗೆ ಬಂದು ಊಟ ಮಾಡ್ಲಿ. ಕ್ಯಾಮೆರಾ ಬೇಡ. ನಾನೇ ಕುರಿ ಕೊಯ್ಸಿ ಬಡಿಸ್ತೀನಿ."

ಆವತ್ತು ಸೊಂಟದ ಮೂಳೆ ಯಾರಿಗೆ ಎಂದು ಕೇಳಿದರೆ ಅವರಿಗೆ ದಿನವಿಡೀ ಬಾರದಿದ್ದ ನಗು ಬರುತ್ತದೆ.

"ಇಬ್ರಿಗೂ ಇಲ್ಲ. ನಮ್ಮತ್ತೆ ಕೂತಿರ್ತಾರಲ್ಲ."