ಕೊಡೆ ತರಲು ಹೋದವಳು

ಕುಣಿಗಲ್ಲಿನಲ್ಲಿ ಹಬೀಬ್ ಸಾಬರ ಕೈಗೆ ಬಾರದ ಹಿತ್ತಾಳೆ ಪಾತ್ರೆ ಇರಲಿಲ್ಲ. ತಿದಿ ಒತ್ತಿ, ಇದ್ದಿಲ ಬೆಂಕಿಯಲ್ಲಿ ಪಾತ್ರೆ ಕಾಯಿಸಿ, ಒಳಗೆಲ್ಲ ತವರ ಸವರಿ ಕಲಾಯಿ ಹಾಕಿಕೊಡುವುದು ಅವರ ಕಸುಬು. ಗಂಡುಮಕ್ಕಳಿಬ್ಬರೂ ಓದು ತಲೆಗೆ ಹತ್ತದೆ ಆ ತಿದಿಯ ಮುಂದೆಯೇ ಕೂತರು. ಕಿರಿಯವಳು ತಾಜುನ್ನೀಸಾ ಮಾತ್ರ ಹೈಸ್ಕೂಲಿಗೆ ಹೋದಳು. ಅವರ ಬೀದಿಯಿಂದ ಅಷ್ಟು ಓದಿದ ಮೊದಲ ಹುಡುಗಿ ಅವಳೇ. ಪಾತ್ರೆ ತಂದವರೆಲ್ಲರಿಗೂ ಹಬೀಬ್ ಸಾಬರು ಆ ಸುದ್ದಿಯನ್ನು ಹೇಗಾದರೂ ಮಾಡಿ ತಲುಪಿಸುತ್ತಿದ್ದರು.

ಆ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು ಸರ್ವಮಂಗಳಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆಮೇಲೆ ಹಟ ಹಿಡಿದು ಬಿ.ಎಸ್ಸಿ. ಮಾಡಿದವರು. ಗಿಡಮರದ ಪಾಠವನ್ನು ನಾಲ್ಕು ಗೋಡೆಯೊಳಗೆ ಮಾಡುವುದೆಂದರೆ ಅವರಿಗಾಗದು. ಹುಡುಗಿಯರನ್ನು ಸಾಲುಗಟ್ಟಿಸಿ ಕೆರೆ ಏರಿಗೆ ಕರೆದೊಯ್ಯುವರು. ಶನಿವಾರ ಬಂದರೆ ಬಸ್ಸು ಹತ್ತಿಸಿ ಹುಲಿಯೂರುದುರ್ಗದ ಬೆಟ್ಟಕ್ಕೆ ಹೊರಡಿಸುವರು. ಮೇಷ್ಟರುಗಳು ಹಿಂದಿನಿಂದ ನಗುತ್ತಿದ್ದರು. ಆಡಳಿತ ಮಂಡಳಿಯವರು ಅವರ ಕೆಲಸವನ್ನು ಕಾಯಂ ಮಾಡದೆ ವರ್ಷವರ್ಷವೂ ಮುಂದೂಡುತ್ತಿದ್ದರು. ತಾಜುವಿಗೆ ಮಾತ್ರ ಟೀಚರ್ ಎಂದರೆ ಜೀವ. ಅವರು ಎತ್ತಿದ ಕಲ್ಲಿನ ಕೆಳಗೆ ಮೊದಲು ಬಗ್ಗಿ ನೋಡುವವಳು ಅವಳು.

ಎಪ್ಪತ್ತನಾಲ್ಕರ ದಸರಾ ರಜೆಯಲ್ಲಿ ಸರ್ವಮಂಗಳಮ್ಮ ಹೊನ್ನಾವರದ ಕಡೆಗೆ ಕಾಡಿನ ಶಿಬಿರ ಗೊತ್ತು ಮಾಡಿದರು. ಸಮುದ್ರಕ್ಕೆ ತೀರ ಹತ್ತಿರದ ಮಳೆಕಾಡು. ಅಲ್ಲಿನ ಫಾರೆಸ್ಟ್ ಬಂಗಲೆಯಲ್ಲಿ ನಾಲ್ಕು ದಿನ ಇರಲು ಅವರ ಕಡೆಯ ಆಫೀಸರೊಬ್ಬರು ಒಪ್ಪಿಗೆ ಕೊಡಿಸಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಲು ಯಾರಿಗೂ ಮನಸ್ಸಿರಲಿಲ್ಲ. ಟೀಚರ್ ಮನೆಮನೆಗೂ ಹೋಗಿ ಕೇಳಿದರು. ಕಲಾಯಿ ಅಂಗಡಿಯ ಹೊಗೆಯಲ್ಲೂ ಸೆರಗು ಮೂಗಿಗೆ ಹಿಡಿದು ನಿಂತರು.

"ನನ್ ಮಗಳ ಥರ ನೋಡ್ಕೋತೀನಿ ಸಾಬರೇ."

ಹಬೀಬ್ ಸಾಬರು ಕೈ ಒರೆಸಿಕೊಂಡು ಎದ್ದರು. "ನೀವೇ ಇಲ್ಲೀಗಂಟ ಬಂದ್ ಮೇಲೆ ನಾನ್ ಇಲ್ಲ ಅಂತೀನಾ ಅಮ್ಮಾವ್ರೇ. ಹೋಗ್ ಬರ್ಲಿ ಬುಡಿ."

ತಾಯಿ ಜೈನಬ್ ಬೀ ಎರಡು ದಿನ ಗಂಡನೊಡನೆ ಮಾತು ಬಿಟ್ಟಳು. ಆದರೂ ರೊಟ್ಟಿ ಕಟ್ಟಿಕೊಟ್ಟಳು.

ಕೆರೆಯ ಆಚೆ ದಂಡೆಯನ್ನೇ ದೂರವೆಂದುಕೊಂಡಿದ್ದ ಹುಡುಗಿ ಅಲ್ಲಿ ಸಮುದ್ರ ನೋಡಿದಳು. ಅದಕ್ಕಿಂತ ಹೆಚ್ಚಾಗಿ ಕಾಡು ನೋಡಿದಳು. ಮರಗಳ ಬೇರು ಗೋಡೆಯಂತೆ ಎದ್ದು ನಿಂತಿದ್ದವು. ನಡುಮಧ್ಯಾಹ್ನಕ್ಕೂ ಅಲ್ಲಿ ಮುಸ್ಸಂಜೆಯ ಬೆಳಕು. ಕಾಲಿಗೆ ಜಿಗಣೆ ಹತ್ತಿದಾಗ ಉಳಿದ ಹುಡುಗಿಯರು ಅತ್ತರೆ ಇವಳು ಅದು ರಕ್ತ ಕುಡಿದು ದಪ್ಪಗಾಗುವುದನ್ನು ಕೂತು ನೋಡಿದಳು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದರೆ ಗೂಡ್ಸ್ ಗಾಡಿ ಬಂದಂತೆ ಸದ್ದು. ಹಣ್ಣು ನುಂಗಿ ಎಲ್ಲೋ ಬೀಜ ಉದುರಿಸುವ ಆ ಹಕ್ಕಿಯೇ ಈ ಕಾಡಿನ ರೈತ ಎಂದರು ಟೀಚರ್. ದಾರಿ ತಪ್ಪಿದರೆ ಅಲೆಯಬಾರದು, ಕೂತಲ್ಲೇ ಕೂರಬೇಕು ಎಂದೂ ಹೇಳಿಕೊಟ್ಟರು.

ಮೂರನೆಯ ದಿನ ಹಳ್ಳದ ಪಕ್ಕದ ಬಂಡೆಯ ಮೇಲೆ ಊಟ ಮುಗಿಸಿ ಹೊರಟಿದ್ದರು. ಸುಮಾರು ದೂರ ಬಂದ ಮೇಲೆ ಟೀಚರಿಗೆ ಕೊಡೆಯ ನೆನಪಾಯಿತು. ತೀರಿಹೋದ ಗಂಡನ ಕೊಡೆ ಅದು. ಉಳಿದ ಹುಡುಗಿಯರು ಮುಂದೆ ಹೋಗಿದ್ದರು, ಪಕ್ಕದಲ್ಲಿದ್ದವಳು ತಾಜು ಒಬ್ಬಳೇ.

"ತಾಜೂ, ನೀನು ಚುರುಕು. ಓಡೋಗಿ ತಗೊಂಬಾ. ನಾವು ನಿಧಾನಕ್ಕೆ ನಡೀತಿರ್ತೀವಿ."

ಅವಳು ಓಡಿದಳು. ಕೊಡೆಯೂ ಸಿಕ್ಕಿತು. ತಿರುಗುವಷ್ಟರಲ್ಲಿ ಮಳೆ ಹಿಡಿಯಿತು. ಬಂದ ದಾರಿಯ ಮೇಲೆ ನೀರು ಹರಿದು, ಯಾವುದು ದಾರಿ ಯಾವುದು ಕಾಲುವೆ ತಿಳಿಯದಾಯಿತು. ಕೂಗಿದ್ದು ಮಳೆಯಲ್ಲಿ ಮುಳುಗಿಹೋಯಿತು. ಅವಳು ಹೇಳಿಕೊಟ್ಟಂತೆಯೇ ಮಾಡಿದಳು. ದೊಡ್ಡ ಬೇರಿನ ಸಂದಿಯಲ್ಲಿ ಕೊಡೆ ಬಿಚ್ಚಿ ಕೂತು, ಇಡೀ ರಾತ್ರಿ ಕದಲಲಿಲ್ಲ. ಬೆಳಿಗ್ಗೆ ಇಬ್ಬರು ಫಾರೆಸ್ಟ್ ಗಾರ್ಡುಗಳು ಅವಳನ್ನು ಕಂಡು ಬಂಗಲೆಗೆ ಕರೆತಂದರು. ಜಿಗಣೆ ಕಡಿದ ಗಾಯ ಬಿಟ್ಟರೆ ಮೈಮೇಲೆ ಒಂದು ಗೀರೂ ಇರಲಿಲ್ಲ. ಸರ್ವಮಂಗಳಮ್ಮ ಅವಳನ್ನು ತಬ್ಬಿಕೊಂಡು ಮಗುವಿನಂತೆ ಅತ್ತರು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ತಾಜುವಿನ ಪಕ್ಕದಲ್ಲೇ ಕೂತರು. ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದು, ಆಮೇಲೆ ಮೆಲ್ಲಗೆ ಹೇಳಿದರು. "ನಾನು ಕಳಿಸ್ದೆ ಅಂತ ಗೊತ್ತಾದ್ರೆ ಕಮಿಟಿಯೋರು ನನ್ನ ಕೆಲಸದಿಂದ ತೆಗೀತಾರೆ ಕಣೇ. ಆಮೇಲೆ ಯಾವ ಹುಡುಗೀನೂ ಕಾಡು ನೋಡೋಂಗಿಲ್ಲ. ಹಕ್ಕಿ ಹಿಂದೆ ನಾನೇ ಹೋದೆ ಅನ್ನು. ನಿಂಗಾದ್ರೆ ಒಂದ್ ಬೈಗುಳದಲ್ಲಿ ಮುಗಿಯುತ್ತೆ."

ತಾಜು ಖುಷಿಯಿಂದಲೇ ಒಪ್ಪಿದಳು. ಟೀಚರಿಗಾಗಿ ಏನಾದರೂ ಮಾಡಬೇಕೆಂದು ಅವಳಿಗೆ ಎಷ್ಟೋ ದಿನದಿಂದ ಆಸೆಯಿತ್ತು.

ಊರಿಗೆ ಸುದ್ದಿ ಅವಳಿಗಿಂತ ವೇಗವಾಗಿ ತಲುಪಿತು. ನಲ್ಲಿಯ ಬಳಿ ಅದು ಬೇರೆಯೇ ರೂಪ ತಾಳಿತು. ಒಂದು ರಾತ್ರಿ ಎನ್ನುವುದರ ಪಕ್ಕಕ್ಕೆ ಇಬ್ಬರು ಗಾರ್ಡುಗಳು ಬಂದು ನಿಂತರು. ಬೆಳಿಗ್ಗೆ ಕಂಡವರು ರಾತ್ರಿಯೆಲ್ಲ ಇದ್ದವರಾದರು.

ಹೆಡ್ ಮಾಸ್ಟರ್ ಮಹಾಲಿಂಗಯ್ಯನವರು ತಂದೆ ಮಗಳಿಬ್ಬರನ್ನೂ ತಮ್ಮ ರೂಮಿಗೆ ಕರೆಸಿದರು. ಸರ್ವಮಂಗಳಮ್ಮ ಕಿಟಕಿಯ ಬಳಿ ನಿಂತಿದ್ದರು.

"ಯಾರು ಹೇಳಿದ್ರಮ್ಮ ನಿಂಗೆ ಒಬ್ಳೇ ಹೋಗು ಅಂತ?"

"ಯಾರೂ ಹೇಳ್ಲಿಲ್ಲ ಸಾರ್. ಹಕ್ಕಿ ನೋಡೋಕೆ ನಾನೇ ಹೋದೆ."

ಹಬೀಬ್ ಸಾಬರ ಕೈ ಎದ್ದಿದ್ದೇ ಅವಳಿಗೆ ಕಾಣಲಿಲ್ಲ. ಹುಟ್ಟಿದಂದಿನಿಂದ ಒಂದೇಟು ಹೊಡೆಯದ ಅಪ್ಪ, ಬೆಂಕಿಯ ಮುಂದೆ ಕೂತು ಒರಟಾದ ಅಂಗೈಯಿಂದ, ಅಷ್ಟು ಜನರ ಮುಂದೆ ಕೆನ್ನೆಗೆ ಹೊಡೆದರು. ತಾಜು ಟೀಚರ ಮುಖ ನೋಡಿದಳು. ಈಗ ಮಾತಾಡುತ್ತಾರೆ ಎಂದುಕೊಂಡಳು.

ಮಾತಾಡಿದರು. "ಹುಡುಗಿ ಜಾಣೆ ಸಾರ್," ಎಂದರು. ಕಿಟಕಿಯಾಚೆ ನೋಡಿ, "ಸ್ವಲ್ಪ ಹೇಳಿದ್ ಮಾತು ಕೇಳಲ್ಲ, ಅಷ್ಟೇ," ಎಂದೂ ಸೇರಿಸಿದರು.

ಮಹಾಲಿಂಗಯ್ಯನವರು ಅಂದೇ ಟಿ.ಸಿ. ಬರೆಸಿಕೊಟ್ಟರು.

ಅಲ್ಲಿಗೆ ಓದು ಮುಗಿಯಿತು. ಸೋದರತ್ತೆಯ ಮಗನಿಗೆ ಅವಳನ್ನು ತರುವ ಮಾತಿತ್ತು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಹಬೀಬ್ ಸಾಬರು ಮಗಳನ್ನು ಮುಂಬಾಗಿಲಿಗೆ ಬರಗೊಡಲಿಲ್ಲ. ಕೊನೆಗೆ ಗುಬ್ಬಿಯಿಂದ ನಯಾಜ್ ಅಹಮದನ ಸಂಬಂಧ ಬಂತು. ಸೈಕಲ್ ಶಾಪಿನವನು, ಹೆಂಡತಿ ಸತ್ತವನು, ತಾಜುವಿಗಿಂತ ಬಹಳ ದೊಡ್ಡವನು. ಎಲ್ಲ ತಿಳಿದೂ ಒಪ್ಪಿದ್ದಾನೆ ಎಂದು ಜೈನಬ್ ಬೀ ಅವನ ಉಪಕಾರವನ್ನು ಹಾಡಿಹೊಗಳಿದಳು. "ಎಲ್ಲ" ಎಂದರೆ ಏನು ಎಂದು ತಾಜು ಕೇಳಿದ್ದಕ್ಕೆ ಬಾಯಿಗೆ ಸೌಟು ಬಿತ್ತು.

ನಯಾಜ್ ದುಡಿಯುವವನೇ. ಆದರೆ ಸಾರಿಗೆ ಉಪ್ಪು ಹೆಚ್ಚಾದರೂ ಮಾತು ಅಲ್ಲಿಗೇ ಹೋಗುತ್ತಿತ್ತು. "ಕಾಡಲ್ಲಿ ಮಲಗೆದ್ದು ಬಂದೋಳಿಗೆ ಅಡುಗೆ ಎಲ್ಲಿ ಬಂದಾತು." ಅವನ ತಾಯಿಯಂತೂ ಸೊಸೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಜಂಗ್ಲಿ" ಎಂದರೆ ತಾಜು ಓಗೊಡಬೇಕು. ಕೊಡೆಯ ವಿಷಯವನ್ನು ಒಮ್ಮೆ ಗಂಡನಿಗೆ ಹೇಳಿದ್ದಳು. ಅವನು ಪಂಕ್ಚರ್ ಹಾಕುತ್ತಲೇ ನಕ್ಕ. "ಇಷ್ಟು ದಿನ ಹಕ್ಕಿ ಇತ್ತು, ಈಗ ಕೊಡೆ ಬಂತಾ?"

ಮಗಳು ಹುಟ್ಟಿದಳು. ಕುಲ್ಸುಂ. ತಾಯಿಯ ಹಾಗೇ ಕಲ್ಲೆತ್ತಿ ನೋಡುವ ಹುಡುಗಿ. ಬಾಗಿಲು ಹಾಕಿಕೊಂಡು ತಾಜು ಅವಳಿಗೆ ಮಂಗಟ್ಟೆಯ ರೆಕ್ಕೆಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದಳು. ಆ ನಾಲ್ಕು ದಿನಕ್ಕಿಂತ ಒಳ್ಳೆಯದು ಅವಳ ಬದುಕಿನಲ್ಲಿ ಮತ್ತೇನೂ ಬಂದಿರಲಿಲ್ಲ.

ಕುಲ್ಸುಂ ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಪೋಷಕರ ಸಭೆ ಕರೆದರು. ತುಮಕೂರಿನಿಂದ ಸರ್ವಮಂಗಳಮ್ಮ ಬರುವವರಿದ್ದರು. ಅವರೀಗ ಜಿಲ್ಲೆಗೆಲ್ಲ ಹೆಸರಾದವರು. ಪ್ರತಿವರ್ಷ ಊರೂರಿನ ಮಕ್ಕಳನ್ನು ಅದೇ ಕಾಡಿಗೆ ಕರೆದೊಯ್ಯುತ್ತಿದ್ದರು. ಈ ಸಲ ಗುಬ್ಬಿಯ ಸರದಿ. ಕುಲ್ಸುಂ ವಾರದಿಂದ ಸರಿಯಾಗಿ ಉಂಡಿರಲಿಲ್ಲ. ತಾಜು ಗಂಡನ ಕಾಲು ಹಿಡಿದು ಹೂಂ ಅನ್ನಿಸಿ, ಒಪ್ಪಿಗೆ ಹೇಳಲೆಂದೇ ಬುರ್ಖಾ ತೊಟ್ಟು ಸಭೆಗೆ ಬಂದಳು. ಹಳೆಯದನ್ನು ಎತ್ತುವ ಯೋಚನೆ ಅವಳಿಗಿರಲಿಲ್ಲ. ಟೀಚರ್ ತನ್ನ ಗುರುತು ಹಿಡಿದರೆ ಸಾಕೆಂಬ ಸಣ್ಣ ಆಸೆಯಿತ್ತು.

ಸರ್ವಮಂಗಳಮ್ಮನವರ ಕೂದಲು ಹಣ್ಣಾಗಿತ್ತು. ಮಾತು ಮಾತ್ರ ಅದೇ. ಕಾಡು, ಕಡಲು, ಹಕ್ಕಿ ಎಲ್ಲವನ್ನೂ ಆ ಹೆಂಚಿನ ಕೋಣೆಗೆ ತಂದಿಳಿಸಿದರು. ಹೆಣ್ಣುಮಕ್ಕಳ ಗತಿಯೇನು ಎಂದು ಯಾರೋ ಕೇಳಿದರು. ಅವರು ನಕ್ಕರು.

"ಭಯ ಬೇಡ. ತುಂಬಾ ಹಿಂದೆ ಒಂದೇ ಒಂದು ಸಲ ಹಾಗಾಗಿತ್ತು. ಒಬ್ಬಳು ಹುಡುಗಿ, ಹೇಳಿದ ಮಾತು ಕೇಳದೆ ಹಕ್ಕಿ ಹಿಂದೆ ಹೋಗಿ ದಾರಿ ತಪ್ಪಿಸಿಕೊಂಡಳು. ಅದಕ್ಕೇ ನಮ್ಮಲ್ಲಿ ಶಿಸ್ತು ಮೊದಲು, ಕಾಡು ಆಮೇಲೆ."

ಎಷ್ಟು ಸಲ ಹೇಳಿದ್ದರೋ, ಎಲ್ಲೂ ತಡವರಿಸಲಿಲ್ಲ.

ತಾಜು ಎದ್ದು ನಿಂತು ಮುಖದ ಪರದೆ ಸರಿಸಿದಳು. "ಆ ಹುಡುಗಿ ನಾನೇ ಟೀಚರ್. ಹಬೀಬ್ ಸಾಬರ ಮಗಳು. ನೀವು ಮರೆತು ಬಂದ ಕೊಡೆ ತರೋಕೆ ನೀವೇ ನನ್ನ ಕಳಿಸಿದ್ರಿ."

ಸರ್ವಮಂಗಳಮ್ಮ ಅವಳನ್ನು ನೋಡಿದರು. ಗುರುತು ಸಿಕ್ಕಿದ್ದು ಅವರ ತುಟಿಯ ನಡುಕದಲ್ಲಿ ಕಂಡಿತು. ಆದರೆ ಜನರ ಕಡೆ ತಿರುಗಿದರು. "ಈ ತಾಯಿಗೆ ಏನೋ ತಪ್ಪು ತಿಳುವಳಿಕೆ ಆಗಿದೆ."

ತಾಜುವಿನೊಳಗೆ ಅಷ್ಟು ವರ್ಷ ಕೂತಲ್ಲೇ ಕೂತಿದ್ದ ಹುಡುಗಿ ಆಗ ಎದ್ದಳು. "ಒಂದು ರಾತ್ರಿ ಆ ಕಾಡಲ್ಲಿ ನಾನೊಬ್ಳೇ ಇದ್ದೆ," ಎಂದಳು ಸುತ್ತಲಿನ ತಾಯಂದಿರಿಗೆ. "ಆಮೇಲೆ ಇವತ್ತಿನವರೆಗೂ ಯಾರೂ ನನ್ನ ಮನುಷ್ಯಳು ಅಂತ ನೋಡಿಲ್ಲ. ಕಳಿಸೋರು ಯೋಚನೆ ಮಾಡಿ ಕಳಿಸಿ. ನನ್ ಮಗಳನ್ನ ನಾನು ಕಳಿಸಲ್ಲ."

ಕೊಡೆಯ ಮಾತು ಯಾರ ಕಿವಿಗೂ ಇಳಿಯಲಿಲ್ಲ. ಹುಡುಗಿ ಒಂದು ರಾತ್ರಿ ಕಾಡಿನಲ್ಲಿದ್ದಳು ಎನ್ನುವುದೊಂದೇ ಇಳಿದದ್ದು. ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎದ್ದರು. ಗುಬ್ಬಿಯಿಂದ ಆ ವರ್ಷ ಯಾರೂ ಹೋಗಲಿಲ್ಲ. ಮರುವರ್ಷ ಯಾರೂ ಕೇಳಲೂ ಇಲ್ಲ.

ಕುಲ್ಸುಂ ದಾರಿಯುದ್ದಕ್ಕೂ ತಾಯಿಗಿಂತ ಮುಂದೆ ಮುಂದೆ ನಡೆದಳು. ಓಣಿಯ ತಿರುವಿನಲ್ಲಿ ನಿಂತು ತಿರುಗಿದಳು.

"ಕಾಡಲ್ಲಿ ನಿಂಗೇನೂ ಆಗ್ಲಿಲ್ಲ ಅಂತ ನೀನೇ ಹೇಳಿದ್ದೆ. ಎಲ್ಲ ಚೆನ್ನಾಗಿತ್ತು ಅಂತಿದ್ದೆ. ಮತ್ತೆ ನನ್ನ ಯಾಕೆ ತಡೆದೆ?"

ಅದಾದ ಮೇಲೆ ಹುಡುಗಿ ತಾಯಿಯ ಪಕ್ಕದಲ್ಲಿ ಮಲಗುವುದನ್ನು ಬಿಟ್ಟಳು.

ಸುದ್ದಿ ಆಗಲೇ ಮನೆಗೆ ಮುಟ್ಟಿತ್ತು. ನಯಾಜ್ ಬೈಯಲಿಲ್ಲ, ಊಟಕ್ಕೆ ಕೂತಾಗ ಹೆಂಡತಿಗೂ ತಟ್ಟೆ ಹಾಕಿಕೋ ಎಂದ. ಅತ್ತೆ ತಾನೇ ಎದ್ದು ಟೀ ಕಾಯಿಸಿ, ಲೋಟವನ್ನು ಸೊಸೆಯ ಕೈಗಿಟ್ಟಳು.

"ಒಳ್ಳೇ ಕೆಲಸ ಮಾಡ್ದೆ ತಾಜುನ್ನೀಸಾ," ಎಂದಳು. "ಈಗ ಬಂತು ನೋಡು ನಿಂಗೆ ಬುದ್ಧಿ."